ಸೂರಿನಿಂದ ತೂಗುವ ಚರಿತ್ರೆ

‘ಬಾರ್’ ಎಂಬ ಮಾತಿಗೆ ನಮ್ಮ ಊರುಗಳಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ. ಮಬ್ಬು ಬೆಳಕು, ಒಳಗೇನಿದೆಯೆಂದು ಕಾಣದ ಬಾಗಿಲು, ಪರಿಚಯದವರು ಎದುರಾದರೆ ಮುಖ ತಿರುಗಿಸುವ ಗಿರಾಕಿ, ಇವಿಷ್ಟು ಆ ಮಾತಿನೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರಗಳು. ಸ್ಪೇನ್ ದೇಶದಲ್ಲಿ ಅದೇ ಮಾತು ಬೇರೆಯೇ ಬದುಕನ್ನು ಸೂಚಿಸುತ್ತದೆ. ಬೆಳಿಗ್ಗೆ ಕಚೇರಿಗೆ ಹೊರಟವರು ಕಾಫಿ ಕುಡಿಯುವುದು ಬಾರಿನಲ್ಲಿ. ಹತ್ತು ಹನ್ನೊಂದರ ಹೊತ್ತಿಗೆ ಗಾರೆ ಕೆಲಸದವರು, ಅಂಚೆಯವರು, ಬ್ಯಾಂಕಿನ ಗುಮಾಸ್ತರು ಎರಡನೆಯ ತಿಂಡಿಗೆ ಸೇರುವುದು ಅಲ್ಲೇ. ಭಾನುವಾರ ಚರ್ಚಿನಿಂದ ಹೊರಬಿದ್ದ ಕುಟುಂಬ ಅಜ್ಜಿ, ಮೊಮ್ಮಕ್ಕಳ ಸಮೇತ ನೇರವಾಗಿ ನಡೆದು ಹೋಗುವುದೂ ಅಲ್ಲಿಗೇ. ನಮ್ಮ ಅರಳಿಕಟ್ಟೆ, ಕಾಫಿ ಹೋಟೆಲು ಮತ್ತು ಮನೆಯ ಪಡಸಾಲೆ ಮೂರನ್ನೂ ಒಂದು ಸೂರಿನಡಿ ತಂದರೆ ಆಗುವಂಥದ್ದು ಸ್ಪೇನಿನ ಬಾರು.

ಆ ಸೂರಿನಲ್ಲೇ ಹೊಸಬರ ಕಣ್ಣು ಸಿಕ್ಕಿಬೀಳುತ್ತದೆ. ಉಪ್ಪು ಹಾಕಿ ಒಣಗಿಸಿದ ಹಂದಿಯ ಹಿಂತೊಡೆಗಳು ಗೊರಸಿನ ಸಮೇತ ತಲೆಕೆಳಗಾಗಿ ಸಾಲಾಗಿ ತೂಗುತ್ತಿರುತ್ತವೆ. ಪ್ರತಿಯೊಂದರ ತುದಿಗೂ ಮಕ್ಕಳಾಟದ ಕೊಡೆಯನ್ನು ಮಗುಚಿ ಸಿಕ್ಕಿಸಿದಂತಹ ಪುಟ್ಟದೊಂದು ಬಟ್ಟಲು. ಬೆಚ್ಚಗಿನ ಕೋಣೆಯಲ್ಲಿ ತೊಡೆಯಿಂದ ಜಿನುಗುವ ಕೊಬ್ಬು ಗಿರಾಕಿಯ ತಲೆಯ ಮೇಲೆ ಬೀಳದಿರಲೆಂದು ಈ ಏರ್ಪಾಡು. ಈ ತೊಡೆಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಹಮೋನ್’ ಎಂದು ಹೆಸರು. ಲೋಟದ ಜೊತೆಗೆ ಸಣ್ಣ ತಟ್ಟೆಯಲ್ಲಿ ಬರುವ ತಿನಿಸಿಗೆ ‘ತಾಪಾ’, ಹಲವಾದರೆ ‘ತಾಪಾಸ್’. ಅಗ್ಗದ ಬಾರಿನ ಕಟ್ಟೆಗೆ ಮೊಣಕೈ ಊರಿ ನಿಂತು ಈ ಎರಡನ್ನೂ ತಿನ್ನುವುದು ಸ್ಪೇನಿನವರ ನಿತ್ಯದ ಸಂಗತಿ. ಅದರ ಹಿಂದೆ ಐದಾರು ಶತಮಾನಗಳ ಕತೆಯಿದೆ. ಆ ಕತೆ ಎಲ್ಲ ಕಡೆಯೂ ಸವಿಯಾಗಿಲ್ಲ.

ನಿಂತು ತಿನ್ನುವ ಸುಖ

ಮೊದಲು ರೂಢಿಯನ್ನು ತಿಳಿಯೋಣ. ಇಂತಹ ಬಾರಿನಲ್ಲಿ ಕುಳಿತುಕೊಳ್ಳುವುದು ಮುಖ್ಯವಲ್ಲ. ನಮ್ಮ ಬೆಂಗಳೂರಿನ ದರ್ಶಿನಿಗಳಂತೆ ಇಲ್ಲಿಯೂ ನಿಂತವನದೇ ಕಾರುಬಾರು. ಬಹಳಷ್ಟು ಕಡೆ ಕಟ್ಟೆಯ ಬಳಿ ನಿಂತರೆ ಒಂದು ದರ, ಒಳಗಿನ ಮೇಜಿಗೆ ತುಸು ಹೆಚ್ಚು, ಹೊರಗೆ ಬಿಸಿಲಿನಲ್ಲಿ ಹಾಕಿದ ಕುರ್ಚಿಗೆ ಇನ್ನೂ ಹೆಚ್ಚು. ಬಿಯರನ್ನು ದೊಡ್ಡ ಮಗ್ಗಿನಲ್ಲಿ ಕೇಳುವವರು ಕಡಿಮೆ; ಸುಮಾರು 200 ಮಿಲಿ ಲೀಟರ್ ಹಿಡಿಸುವ ‘ಕಾನ್ಯಾ’ ಎಂಬ ಸಣ್ಣ ಲೋಟವೇ ವಾಡಿಕೆ. ಬೇಡವೆಂದರೆ ದ್ರಾಕ್ಷಿ ರಸವೋ ಕಾಫಿಯೋ ಆದೀತು, ಯಾರೂ ಹುಬ್ಬೇರಿಸುವುದಿಲ್ಲ. ತಿನಿಸಿಗೂ ಅಳತೆಗಳುಂಟು. ಒಂದೆರಡು ತುತ್ತಿನದು ತಾಪಾ. ನಾಲ್ಕು ಜನ ಹಂಚಿಕೊಳ್ಳುವ ತುಂಬು ತಟ್ಟೆ ‘ರಾಸಿಯೋನ್’. ನಡುವಿನದು ‘ಮೇದಿಯಾ ರಾಸಿಯೋನ್’, ಅಂದರೆ ಅರ್ಧ.

ಗ್ರನಾಡಾ, ಹಾಯೆನ್, ಅಲ್ಮೇರಿಯಾ ಪಟ್ಟಣಗಳಲ್ಲಿ ಇಂದಿಗೂ ಒಂದು ಲೋಟ ಕೇಳಿದರೆ ತಾಪಾ ಬಿಟ್ಟಿ ಬರುತ್ತದೆ. ಎರಡನೆಯ ಲೋಟಕ್ಕೆ ಎರಡನೆಯದು, ಮೂರನೆಯದಕ್ಕೆ ಮೂರನೆಯದು. ವಿದ್ಯಾರ್ಥಿಗಳ ರಾತ್ರಿಯೂಟ ಅಲ್ಲಿಗೇ ಮುಗಿಯುವುದುಂಟು. ಉತ್ತರದ ಬಾಸ್ಕ್ ಸೀಮೆಯ ಸಾನ್ ಸೆಬಾಸ್ಟಿಯನ್ ನಗರದಲ್ಲಿ ಕ್ರಮ ಬೇರೆ. ಬ್ರೆಡ್ಡಿನ ಹೋಳಿನ ಮೇಲೆ ತಿನಿಸನ್ನಿಟ್ಟು ಕಡ್ಡಿ ಚುಚ್ಚಿ ಕಟ್ಟೆಯುದ್ದಕ್ಕೂ ಜೋಡಿಸಿರುತ್ತಾರೆ, ಇದು ‘ಪಿಂಚೊ’. ಬೇಕಾದ್ದನ್ನು ಕೈಯಾರೆ ಎತ್ತಿಕೊಂಡು ತಿಂದು, ಉಳಿದ ಕಡ್ಡಿಗಳನ್ನು ಎಣಿಸಿ ಹಣ ಕೊಡುವುದು ಹಳೆಯ ಪದ್ಧತಿ. ಎಲ್ಲವೂ ನಂಬಿಕೆಯ ವ್ಯವಹಾರ. ಅಲ್ಲಿಯ ಹೆಸರಾಂತ ಪಿಂಚೊ ಒಂದಕ್ಕೆ ‘ಗಿಲ್ಡಾ’ ಎಂದು ಹೆಸರು: ಆಲಿವ್ ಕಾಯಿ, ಉಪ್ಪಿನಲ್ಲಿ ನೆನೆಸಿದ ಪುಟ್ಟ ಮೀನು, ಹಸಿರು ಮೆಣಸಿನಕಾಯಿ, ಮೂರೂ ಒಂದೇ ಕಡ್ಡಿಯಲ್ಲಿ. 1946ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರದಲ್ಲಿ ರೀಟಾ ಹೇವರ್ತ್ ಮಾಡಿದ ಖಾರದ ಪಾತ್ರದ ಹೆಸರನ್ನೇ ಈ ಖಾರದ ತಿನಿಸಿಗೆ ಇಟ್ಟುಬಿಟ್ಟರು.

ಇಡೀ ಸಂಜೆ ಒಂದೇ ಬಾರಿನಲ್ಲಿ ಕೂರುವುದು ರೂಢಿಯಲ್ಲ. ಒಂದರಲ್ಲಿ ಒಂದು ಲೋಟ, ಒಂದು ತಾಪಾ, ಆಮೇಲೆ ಪಕ್ಕದ ಬೀದಿಯ ಇನ್ನೊಂದು. ಪ್ರತಿ ಬಾರಿಗೂ ಅದರದೇ ಒಂದು ಕೈರುಚಿ ಇರುತ್ತದೆ. ಗೆಳೆಯರಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಹಣ ಕೊಟ್ಟು ಲೆಕ್ಕ ಸರಿತೂಗಿಸುತ್ತಾರೆ.

ಮುಚ್ಚಳದ ಕತೆಗಳು

‘ತಾಪಾ’ ಎಂದರೆ ಮುಚ್ಚಳ ಎಂದರ್ಥ. ತಿನ್ನುವ ವಸ್ತುವಿಗೆ ಮುಚ್ಚಳ ಎಂಬ ಹೆಸರೇಕೆ? ಇದಕ್ಕೆ ರಾಜರ ಕತೆಗಳನ್ನು ಹೇಳುವುದು ಸ್ಪೇನಿನವರಿಗೆ ಇಷ್ಟ. ಹದಿಮೂರನೆಯ ಶತಮಾನದ ದೊರೆ ಹತ್ತನೆಯ ಅಲ್ಫಾನ್ಸೊ ಕಾಯಿಲೆ ಬಿದ್ದಾಗ ವೈದ್ಯರು ದ್ರಾಕ್ಷಾರಸದ ಜೊತೆ ಸಣ್ಣ ತುತ್ತುಗಳನ್ನು ತಿನ್ನಲು ಹೇಳಿದರಂತೆ. ಗುಣವಾದ ಮೇಲೆ ಅವನು ತಿನಿಸಿಲ್ಲದೆ ಮದ್ಯ ಮಾರಕೂಡದೆಂದು ಅಪ್ಪಣೆ ಹೊರಡಿಸಿದನಂತೆ. ಇಪ್ಪತ್ತನೆಯ ಶತಮಾನದ ದೊರೆ ಹದಿಮೂರನೆಯ ಅಲ್ಫಾನ್ಸೊನ ಮೇಲೆ ಇನ್ನೊಂದು ಕತೆ. ಕಾದಿಜ್ ಕಡಲತೀರದ ಛತ್ರವೊಂದರಲ್ಲಿ ಗಾಳಿಗೆ ಮರಳು ಹಾರುತ್ತಿದ್ದಾಗ ಬಡಿಸುವವನು ಜಾಣತನದಿಂದ ದೊರೆಯ ಲೋಟದ ಮೇಲೆ ಹಮೋನಿನ ಹೋಳೊಂದನ್ನು ಮುಚ್ಚಿಟ್ಟನಂತೆ. ಅದನ್ನು ತಿಂದು ರಸ ಕುಡಿದ ದೊರೆ ‘ಇನ್ನೊಂದು ಕೊಡು, ಮುಚ್ಚಳದ ಸಮೇತ’ ಎಂದನಂತೆ.

ಈ ‘ಅಂತೆ’ಗಳಿಗೆ ದಾಖಲೆ ಕೇಳಬಾರದು. ದೂಳು ನೊಣಗಳಿಂದ ಲೋಟವನ್ನು ಕಾಪಾಡಲು ಬ್ರೆಡ್ಡಿನ ಚೂರನ್ನೋ ಮಾಂಸದ ಹೋಳನ್ನೋ ಮುಚ್ಚುತ್ತಿದ್ದ ಹೋಟೆಲಿನವರಿಂದ ಈ ಹೆಸರು ಬಂದಿರಬೇಕೆಂಬುದು ಹೆಚ್ಚು ಸಹಜವಾದ ವಿವರಣೆ. ಕತೆಗಳು ಕಟ್ಟುಕತೆಗಳಾದರೂ ಅವುಗಳಲ್ಲಿ ಒಂದು ಸತ್ಯವಿದೆ. ದೊರೆಯೂ ದಾರಿಹೋಕನೂ ಒಂದೇ ಕಟ್ಟೆಯಲ್ಲಿ ಒಂದೇ ತಿನಿಸು ತಿನ್ನಬಹುದೆಂಬುದನ್ನು ನಂಬಲು ಜನರಿಗೆ ಇಷ್ಟ.

ಹಳೆಯ ಬಾರುಗಳಿಗೆ ದಾಖಲಾದ ಚರಿತ್ರೆಯೂ ಇದೆ. ಸೆವಿಲ್ಲೆ ನಗರದ ‘ಎಲ್ ರಿನ್ಕೊನ್ಸಿಯೊ’ 1670ರಷ್ಟು ಹಳೆಯದು. ಅಲ್ಲಿ ಇಂದಿಗೂ ಗಿರಾಕಿಯ ಲೆಕ್ಕವನ್ನು ಅವನೆದುರಿನ ಮರದ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾರೆ. ಹಣ ಸಂದಾಯವಾದೊಡನೆ ಅಳಿಸುತ್ತಾರೆ. ಮ್ಯಾಡ್ರಿಡ್ ನಗರದ ನಡುಮಧ್ಯದಲ್ಲಿ 1860ರಲ್ಲಿ ಆರಂಭವಾದ ‘ಕಾಸಾ ಲಾಬ್ರಾ’ ಕರಿದ ಕಾಡ್ ಮೀನಿಗೆ ಹೆಸರುವಾಸಿ. 1879ರ ಮೇ 2ರಂದು ಮುದ್ರಣ ಕೆಲಸಗಾರ ಪಾಬ್ಲೊ ಇಗ್ಲೇಸಿಯಾಸ್ ಮತ್ತು ಸಂಗಡಿಗರು ಸ್ಪೇನಿನ ಸಮಾಜವಾದಿ ಪಕ್ಷವನ್ನು ಗುಟ್ಟಾಗಿ ಸ್ಥಾಪಿಸಿದ್ದು ಅಲ್ಲಿ ಊಟಕ್ಕೆ ಸೇರಿದ್ದಾಗಲೇ. ಮುಂದೆ ಹಲವು ಬಾರಿ ದೇಶವನ್ನಾಳಿದ ಪಕ್ಷವೊಂದು ತಾಪಾ ಬಾರಿನಲ್ಲಿ ಹುಟ್ಟಿತೆಂಬುದು ಆ ದೇಶದವರಿಗೆ ಅಚ್ಚರಿಯ ಸಂಗತಿಯೇನಲ್ಲ.

ತೊಡೆಯ ತಪಸ್ಸು

ಇನ್ನು ಸೂರಿನಿಂದ ತೂಗುವ ಹಮೋನಿನ ವಿಚಾರ. ಇದನ್ನು ಬೇಯಿಸುವುದೂ ಇಲ್ಲ, ಹುರಿಯುವುದೂ ಇಲ್ಲ. ಉಪ್ಪು, ಗಾಳಿ, ಕಾಲ ಈ ಮೂರರಿಂದಲೇ ಅದು ಪಕ್ವವಾಗುತ್ತದೆ. ಚಳಿಗಾಲದಲ್ಲಿ ಕಡಿದ ತೊಡೆಯನ್ನು ಕಡಲುಪ್ಪಿನ ರಾಶಿಯಲ್ಲಿ ಹುಗಿದಿಡುತ್ತಾರೆ. ತೂಕದ ಕಿಲೋಗೆ ಸುಮಾರು ಒಂದು ದಿನದ ಲೆಕ್ಕ. ಆಮೇಲೆ ತೊಳೆದು ತಂಪಾದ ಕೋಣೆಯಲ್ಲಿ ಕೆಲವು ವಾರ ಇಟ್ಟು ಉಪ್ಪು ಒಳಗೆಲ್ಲ ಸಮನಾಗಿ ಇಳಿಯಲು ಬಿಡುತ್ತಾರೆ. ಬಳಿಕ ಬೆಟ್ಟದ ಗಾಳಿಯಾಡುವ ಅಟ್ಟದಲ್ಲಿ, ಕೊನೆಗೆ ನೆಲಮಾಳಿಗೆಯಲ್ಲಿ ತೂಗುಹಾಕುತ್ತಾರೆ. ಬೇಸಿಗೆಯ ಬಿಸಿಗೆ ಕೊಬ್ಬು ಕರಗಿ ಮಾಂಸದೊಳಕ್ಕೆ ಇಂಗುತ್ತದೆ. ಎಲ್ಲ ಮುಗಿಯುವ ಹೊತ್ತಿಗೆ ತೊಡೆ ತನ್ನ ತೂಕದಲ್ಲಿ ಮೂರನೆಯ ಒಂದು ಭಾಗವನ್ನು ಕಳೆದುಕೊಂಡಿರುತ್ತದೆ.

ಅಗ್ಗದ ಬಾರುಗಳಲ್ಲಿ ಹೆಚ್ಚಾಗಿ ಕಾಣುವುದು ಬಿಳಿ ಹಂದಿಯ ‘ಸೆರಾನೊ’, ಅಂದರೆ ಬೆಟ್ಟದ್ದು. 1999ರಲ್ಲಿ ಯುರೋಪಿಯನ್ ಒಕ್ಕೂಟದ ಮನ್ನಣೆ ಪಡೆದ ಸೆರಾನೊಗೆ ಕನಿಷ್ಠ ಏಳು ತಿಂಗಳ ಹದ ಬೇಕು. ಗ್ರನಾಡಾ ಬಳಿಯ ಟ್ರೆವೇಲೆಜ್ ಎಂಬ ಹಳ್ಳಿ 1,400 ಮೀಟರಿಗೂ ಎತ್ತರದಲ್ಲಿದ್ದು ಅಲ್ಲಿಯ ಬೆಟ್ಟದ ಗಾಳಿಗೆ ಒಣಗಿದ ತೊಡೆಗಳು ಹೆಸರುವಾಸಿ. ಇದಕ್ಕಿಂತ ಮೇಲಿನದು ಕಪ್ಪು ಗೊರಸಿನ ನಾಡತಳಿಯಾದ ‘ಇಬೇರಿಕೊ’. ಪೋರ್ಚುಗಲ್ ಗಡಿಯ ಉದ್ದಕ್ಕೂ ಹಬ್ಬಿರುವ, ಓಕ್ ಮರಗಳು ವಿರಳವಾಗಿ ಬೆಳೆದಿರುವ ಹುಲ್ಲುಗಾವಲಿನಲ್ಲಿ ಈ ಹಂದಿಗಳು ಅಕ್ಟೋಬರಿನಿಂದ ಉದುರುವ ಓಕ್ ಕಾಯಿಗಳನ್ನು ತಿಂದು ಕೊಬ್ಬುತ್ತವೆ. ಆ ಕೊಬ್ಬಿನಲ್ಲಿ ಆಲಿವ್ ಎಣ್ಣೆಯಲ್ಲಿರುವ ಒಲಿಯಿಕ್ ಆಮ್ಲವೇ ಹೆಚ್ಚು. ಆದ್ದರಿಂದಲೇ ಹೋಳು ಬೆರಳ ಬಿಸಿಗೇ ಹೊಳಪೇರಿ ಕರಗತೊಡಗುತ್ತದೆ. ಈ ಹಂದಿಯನ್ನು ‘ಕಾಲು ಬಂದ ಆಲಿವ್ ಮರ’ ಎಂದು ತಮಾಷೆಗೆ ಕರೆಯುವುದೂ ಉಂಟು.

ಹೆಸರಿದ್ದಲ್ಲಿ ಮೋಸವೂ ಇರುತ್ತದೆ. ಅದಕ್ಕೆಂದೇ 2014ರಲ್ಲಿ ಸರ್ಕಾರ ಬಣ್ಣದ ಪಟ್ಟಿಗಳ ನಿಯಮ ತಂದಿತು. ಶುದ್ಧ ತಳಿಯ, ಓಕ್ ಕಾಯಿ ತಿಂದ ಹಂದಿಯ ತೊಡೆಗೆ ಕಪ್ಪು ಪಟ್ಟಿ. ಮಿಶ್ರತಳಿಯದಾಗಿ ಓಕ್ ಕಾಯಿ ತಿಂದಿದ್ದರೆ ಕೆಂಪು. ಬಯಲಿನಲ್ಲಿ ಮೇದು ಧಾನ್ಯವನ್ನೂ ತಿಂದಿದ್ದರೆ ಹಸಿರು. ಕೊಟ್ಟಿಗೆಯಲ್ಲೇ ಬೆಳೆದಿದ್ದರೆ ಬಿಳಿ. ಓಕ್ ಕಾಯಿಯ ಹೆಸರು ಹೇಳಬೇಕಾದರೆ ಹಂದಿ ಕನಿಷ್ಠ 60 ದಿನ ಆ ಬಯಲಿನಲ್ಲಿದ್ದು ಕನಿಷ್ಠ 46 ಕಿಲೋ ತೂಕ ಏರಿಸಿಕೊಂಡಿರಬೇಕು. ಏಳು ಕಿಲೋ ಮತ್ತು ಅದಕ್ಕೂ ಮೇಲ್ಪಟ್ಟ ಇಬೇರಿಕೊ ತೊಡೆ 730 ದಿನ, ಅಂದರೆ ಎರಡು ವರ್ಷ, ಹದವಾಗಬೇಕು.

ಇಷ್ಟೆಲ್ಲ ಆದ ಮೇಲೆ ಅದು ಅಗ್ಗವಾಗುವುದು ಹೇಗೆ? ಆಗುವುದಿಲ್ಲ. ಕಪ್ಪು ಪಟ್ಟಿಯ ತೊಡೆ ಇಡಿಯಾಗಿ ಕೊಂಡರೆ ಸಾಮಾನ್ಯರ ಜೇಬು ಬರಿದಾಗುತ್ತದೆ. ಅದನ್ನು ಸಾಮಾನ್ಯನ ಕೈಗೆ ತಲುಪಿಸುವುದು ಚಾಕು. ತೊಡೆಯನ್ನು ಮರದ ಚೌಕಟ್ಟಿಗೆ ಬಿಗಿದು, ಉದ್ದನೆಯ ತೆಳ್ಳನೆಯ ಚಾಕುವಿನಿಂದ ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಹೋಳು ತೆಗೆಯುವವನಿಗೆ ‘ಕೊರ್ತಾದೊರ್’ ಎನ್ನುತ್ತಾರೆ. ಅದು ವರ್ಷಗಟ್ಟಲೆ ಕಲಿಯುವ ಕಸುಬು. ಒಂದು ತೊಡೆ ನೂರಾರು ಗಿರಾಕಿಗಳಿಗೆ ಹಂಚಿಹೋಗುತ್ತದೆ. ದುಬಾರಿಯಾದುದನ್ನು ಒಬ್ಬನೇ ಹೊಟ್ಟೆತುಂಬ ತಿನ್ನುವುದಕ್ಕಿಂತ ಎಲ್ಲರೂ ಸ್ವಲ್ಪ ಸ್ವಲ್ಪ ತಿನ್ನುವುದು, ಇದೇ ತಾಪಾದ ಅರ್ಥಶಾಸ್ತ್ರ. ಮ್ಯಾಡ್ರಿಡ್ಡಿನಲ್ಲಿ 1978ರಲ್ಲಿ ಆರಂಭವಾದ ‘ಮುಸೆಯೊ ದೆಲ್ ಹಮೋನ್’ ಇದೇ ಲೆಕ್ಕದ ಮೇಲೆ ಬೆಳೆದದ್ದು. ಹೆಸರಿಗೆ ಅದು ‘ಹಮೋನ್ ವಸ್ತುಸಂಗ್ರಹಾಲಯ’. ಒಳಗಿರುವುದು ಸಾಲುಸಾಲು ತೊಡೆಗಳ ಅಡಿಯಲ್ಲಿ ಕಟ್ಟೆ ಮತ್ತು ಕೆಲವೇ ಯೂರೋಗಳಿಗೆ ಸಿಗುವ, ಹಮೋನ್ ತುಂಬಿದ ಬ್ರೆಡ್ಡು.

ತಟ್ಟೆಯಲ್ಲಿ ಧರ್ಮಪರೀಕ್ಷೆ

ಹಮೋನ್ ಈ ಮಟ್ಟಿಗೆ ಕಣ್ಣಿಗೆ ರಾಚುವಂತೆ ತೂಗುವುದರ ಹಿಂದೆ ರುಚಿಯೊಂದೇ ಇಲ್ಲ. ಎಂಟನೆಯ ಶತಮಾನದಿಂದ ಸ್ಪೇನಿನ ಬಹುಭಾಗವನ್ನು ಮುಸ್ಲಿಂ ಅರಸರು ಆಳಿದರು. ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಒಂದೇ ಊರುಗಳಲ್ಲಿ ಬಾಳಿದರು. 1492ರ ಜನವರಿಯಲ್ಲಿ ಗ್ರನಾಡಾದ ಕೊನೆಯ ಮುಸ್ಲಿಂ ರಾಜ್ಯ ಬಿತ್ತು. ಅದೇ ಮಾರ್ಚ್ 31ರಂದು ಯಹೂದಿಗಳು ಮತಾಂತರವಾಗಬೇಕು ಇಲ್ಲವೇ ದೇಶ ಬಿಡಬೇಕೆಂದು ರಾಜಾಜ್ಞೆಯಾಯಿತು. ಹತ್ತು ವರ್ಷಗಳಲ್ಲಿ ಕಾಸ್ಟೀಲ್ ರಾಜ್ಯದ ಮುಸ್ಲಿಮರಿಗೂ ಇದೇ ಗತಿ ಬಂತು. ಮತಾಂತರಗೊಂಡವರ ಮನಸ್ಸಿನಲ್ಲಿ ಹಳೆಯ ಧರ್ಮ ಉಳಿದಿದೆಯೇ ಎಂದು ಪತ್ತೆಹಚ್ಚಲು 1478ರಲ್ಲೇ ಸ್ಥಾಪನೆಯಾಗಿದ್ದ ಧರ್ಮವಿಚಾರಣಾ ನ್ಯಾಯಾಲಯ, ಅಂದರೆ ‘ಇನ್‌ಕ್ವಿಸಿಷನ್’, ಕಣ್ಣಿಟ್ಟು ಕಾಯುತ್ತಿತ್ತು.

ಮನಸ್ಸನ್ನು ನೋಡಲಾಗುವುದಿಲ್ಲ, ಅಡುಗೆಮನೆಯನ್ನು ನೋಡಬಹುದು. ಶನಿವಾರ ಯಾರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಯಾರು ಮಡಿ ಅಂಗಿ ತೊಡುತ್ತಾರೆ, ಯಾರು ಹಂದಿಮಾಂಸ ಮುಟ್ಟುವುದಿಲ್ಲ ಎಂದು ನೆರೆಯವರು ಗಮನಿಸಿ ದೂರು ಕೊಡಬೇಕಾಗಿತ್ತು. ಹಂದಿಯ ಕೊಬ್ಬಿನ ಬದಲು ಆಲಿವ್ ಎಣ್ಣೆಯಲ್ಲಿ ಮಾಂಸ ಬೇಯಿಸುವ ವಾಸನೆಯೂ ಯಹೂದಿಯ ಗುರುತೆಂದು ಅಂದಿನ ಚರಿತ್ರೆಕಾರ ಆಂದ್ರೆಸ್ ಬೆರ್ನಾಲ್ದೆಜ್ ಹೀಯಾಳಿಸಿ ಬರೆದಿದ್ದಾನೆ. ಒಗ್ಗರಣೆಯ ವಾಸನೆಯಿಂದ ಮನೆಯವರ ಕುಲ ಅಳೆಯುವುದು ನಮಗೂ ಹೊಸದಲ್ಲ. ಅಲ್ಲಿ ಆ ಅಳತೆಯ ಕೊನೆಯಲ್ಲಿ ಸೆರೆಮನೆಯಿತ್ತು, ಆಸ್ತಿ ಮುಟ್ಟುಗೋಲಿತ್ತು, ಕೆಲವರಿಗೆ ಬೆಂಕಿಯೂ ಇತ್ತು. ಮತಾಂತರಗೊಂಡ ಯಹೂದಿಗಳನ್ನು ಜನ ‘ಮರ್ರಾನೊ’ ಎಂದು ಜರೆಯುತ್ತಿದ್ದರು. ಅದರರ್ಥ ಹಂದಿ.

ಇಂತಹ ಕಾಲದಲ್ಲಿ ನಾಲ್ಕು ಜನರೆದುರು ಹಮೋನ್ ತಿನ್ನುವುದು, ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕುವುದು ಬದುಕುಳಿಯುವ ಉಪಾಯವೂ ಆಗಿತ್ತು. ‘ನಾವು ಹಳೆಯ ಕ್ರೈಸ್ತರು’ ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ಸೂರಿನಿಂದ ತೂಗುವ ತೊಡೆ ಗಟ್ಟಿಯಾಗಿ ಹೇಳುತ್ತಿತ್ತು. 1605ರಲ್ಲಿ ಪ್ರಕಟವಾದ ಸೆರ್ವಾಂಟಿಸನ ‘ಡಾನ್ ಕ್ವಿಕ್ಸಾಟ್’ ಕಾದಂಬರಿಯಲ್ಲಿ ನಾಯಕನ ಕನಸಿನ ಚೆಲುವೆ ದುಲ್ಸಿನೆಯಾ ಹಂದಿಮಾಂಸಕ್ಕೆ ಉಪ್ಪು ಹಾಕುವುದರಲ್ಲಿ ಲಾ ಮಾಂಚಾ ಸೀಮೆಗೇ ಎತ್ತಿದ ಕೈ ಎಂಬ ತುಂಟ ಮಾತು ಬರುತ್ತದೆ. ಆ ಮಾತು ಬರುವುದು ಅರಬ್ಬಿ ಹಸ್ತಪ್ರತಿಯೊಂದರ ಅಂಚಿನ ಟಿಪ್ಪಣಿಯಾಗಿ. ಅಂದಿನ ಓದುಗರಿಗೆ ಅದರಲ್ಲಿನ ಚುಚ್ಚು ಏನೆಂದು ವಿವರಿಸಬೇಕಾಗಿರಲಿಲ್ಲ. ಆ ಕಾದಂಬರಿ ಬಂದ ನಾಲ್ಕು ವರ್ಷಗಳಲ್ಲೇ, 1609ರಿಂದ 1614ರವರೆಗೆ, ಮುಸ್ಲಿಂ ಮೂಲದ ಕ್ರೈಸ್ತರಾದ ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ದೇಶದಿಂದ ಹೊರಗಟ್ಟಲಾಯಿತು. ಹಂದಿ ತಿಂದವರನ್ನೂ ಬಿಡಲಿಲ್ಲ.

ಬದನೆಯ ಪ್ರಯಾಣ

ಜನರನ್ನು ಹೊರಗಟ್ಟಬಹುದು, ರುಚಿಯನ್ನು ಹೊರಗಟ್ಟುವುದು ಕಷ್ಟ. ಅದೇ ಹಮೋನಿನ ಅಡಿಯಲ್ಲಿರುವ ಕಟ್ಟೆಯ ಮೇಲೆ ಕಣ್ಣಾಡಿಸಿದರೆ ಇದು ತಿಳಿಯುತ್ತದೆ. ಬಿಟ್ಟಿಯಾಗಿ ಬರುವ ಆಲಿವ್ ಕಾಯಿ ‘ಅಸೆಯಿತೂನಾ’, ಅದರ ಎಣ್ಣೆ ‘ಅಸೆಯಿತೆ’, ಮಾಂಸದುಂಡೆ ‘ಅಲ್ಬೊಂದಿಗಾ’. ಮೂರೂ ಅರಬ್ಬಿ ಮಾತುಗಳೇ. ಸೆವಿಲ್ಲೆಯ ಮನೆಮಾತಾದ ಪಾಲಕ್ ಸೊಪ್ಪು, ಕಡಲೆಕಾಳಿನ ಪಲ್ಯದಲ್ಲಿ ಜೀರಿಗೆಯ ಘಮವಿದೆ. ಒಂದು ಕಾಲಕ್ಕೆ ಮನೆಯವರನ್ನು ಸೆರೆಗೆ ತಳ್ಳಬಲ್ಲ ಸಾಕ್ಷಿಯಾಗಿದ್ದ ಆಲಿವ್ ಎಣ್ಣೆಯನ್ನು ಇಂದು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಉತ್ಪಾದಿಸುವ ದೇಶ ಸ್ಪೇನ್. ಹಮೋನಿಡುವ ಬ್ರೆಡ್ಡಿನ ಮೇಲೆ ಮೊದಲು ಸುರಿಯುವುದು ಅದನ್ನೇ.

ಕೊರ್ದೋಬಾ ನಗರದ ಬಾರುಗಳಲ್ಲಿ ಬದನೆಕಾಯಿಯನ್ನು ಬಿಲ್ಲೆಯಾಗಿ ಹೆಚ್ಚಿ ಕರಿದು ಮೇಲೆ ಕಬ್ಬಿನ ಕಾಕಂಬಿಯನ್ನೋ ಜೇನನ್ನೋ ಸುರಿದು ಕೊಡುತ್ತಾರೆ. ಬದನೆಗೆ ಅಲ್ಲಿ ‘ಬೆರೆನ್ಹೇನಾ’ ಎಂದು ಹೆಸರು. ಈ ಹೆಸರನ್ನು ಹಿಂಬಾಲಿಸಿದರೆ ನಾವು ನಮ್ಮ ಮನೆಗೇ ಬಂದು ಸೇರುತ್ತೇವೆ. ಭಾರತದ ಕಾಯಿ ಪರ್ಷಿಯಾದಲ್ಲಿ ‘ಬಾದಿಂಗಾನ್’ ಆಯಿತು, ಅರಬ್ಬರಲ್ಲಿ ‘ಬಾದಿಂಜಾನ್’ ಆಯಿತು, ಸ್ಪೇನಿನಲ್ಲಿ ‘ಬೆರೆನ್ಹೇನಾ’, ಪಕ್ಕದ ಪೋರ್ಚುಗಲ್ಲಿನಲ್ಲಿ ‘ಬೆರಿಂಜೆಲಾ’ ಆಯಿತು. ಪೋರ್ಚುಗೀಸರು ಆ ಹೆಸರನ್ನು ಗೋವೆಗೆ ಹೊತ್ತು ತಂದರು. ನಾವು ಇಂಗ್ಲಿಷಿನಲ್ಲಿ ‘ಬ್ರಿಂಜಾಲ್’ ಎನ್ನುವುದು ಅದನ್ನೇ. ಡಾನ್ ಕ್ವಿಕ್ಸಾಟನ ಕತೆಯನ್ನು ಮೂಲದಲ್ಲಿ ಬರೆದವನು ಸೀದೆ ಅಮೇತೆ ಬೆನೆಂಗೇಲಿ ಎಂಬ ಅರಬ್ಬಿ ಪಂಡಿತನೆಂದು ಸೆರ್ವಾಂಟಿಸ್ ನಟಿಸುತ್ತಾನಲ್ಲ. 1615ರ ಎರಡನೆಯ ಭಾಗದಲ್ಲಿ ಸಾಂಚೊ ಪಾಂಜಾ ಆ ಹೆಸರನ್ನು ತಪ್ಪಾಗಿ ‘ಬೆರೆನ್ಹೇನಾ’ ಎಂದುಬಿಡುತ್ತಾನೆ. ಮುಸ್ಲಿಮರಿಗೆ ಬದನೆಯೆಂದರೆ ಪ್ರಾಣ, ಹಾಗಾಗಿ ಹೆಸರು ಸರಿಯಾಗಿಯೇ ಇದೆಯೆಂದು ಅವನ ವಾದ. ಸಕ್ಕರೆಯ ‘ಅಸೂಕಾರ್’ ಸಂಸ್ಕೃತದ ಶರ್ಕರೆಯಿಂದಲೂ, ಕಿತ್ತಳೆಯ ‘ನರಾಂಹಾ’ ನಾರಂಗದಿಂದಲೂ ಇದೇ ದಾರಿಯಲ್ಲಿ ಬಂದವು.

ಎದುರು ದಿಕ್ಕಿನ ಪ್ರಯಾಣವೂ ನಡೆಯಿತು. 1492ರಲ್ಲಿ ಕೊಲಂಬಸನ ಹಡಗು ತಲುಪಿದ ಹೊಸ ಜಗತ್ತಿನಿಂದ ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ ಸ್ಪೇನಿಗೆ ಬಂದವು. ಮೆಣಸಿನಕಾಯಿಯನ್ನು ಓಕ್ ಸೌದೆಯ ಹೊಗೆಯಲ್ಲಿ ಒಣಗಿಸಿ ಪುಡಿ ಮಾಡಿದ ‘ಪಿಮೆಂತೋನ್’ ಇಲ್ಲದೆ ಅಲ್ಲಿಯ ಕೆಂಪು ಸಾಸೇಜ್ ಇಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಕೈಯಲ್ಲಿ ಅದೇ ಕಾಯಿ ನಮ್ಮ ಕರಾವಳಿಗೂ ಇಳಿಯಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ನಮ್ಮ ಬ್ಯಾಡಗಿಯ ಗುಣ ಪಿಮೆಂತೋನಿಗೂ ಉಂಟು. ಎರಡೂ ದೂರದ ದಾಯಾದಿಗಳು.

ಸಸ್ಯಾಹಾರಿ ಓದುಗರು ಇಷ್ಟು ಹೊತ್ತಿಗೆ ಕೇಳಬಹುದು: ನಮಗೆ ಅಲ್ಲಿ ಏನುಂಟು? ಆಲಿವ್, ಕರಿದ ಬಾದಾಮಿ, ಟೊಮೆಟೊ ಉಜ್ಜಿದ ಬ್ರೆಡ್ಡು, ಹುರಿದ ಹಸಿ ಮೆಣಸಿನಕಾಯಿ, ಖಾರದ ಸಾರು ಸುರಿದ ಆಲೂಗೆಡ್ಡೆ, ಕುರಿಹಾಲಿನ ಮಾಂಚೆಗೊ ಚೀಸು. ಮೊಟ್ಟೆ ತಿನ್ನುವವರಿಗೆ ಆಲೂಗೆಡ್ಡೆಯ ದಪ್ಪ ಆಮ್ಲೆಟ್ಟು. ಒಂದೇ ಎಚ್ಚರಿಕೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಹಮೋನಿನ ಚೂರುಗಳನ್ನು ಮಾಂಸವೆಂದು ಎಣಿಸದ ಅಡುಗೆಯವರು ಅಲ್ಲಿ ಇನ್ನೂ ಇದ್ದಾರೆ. ತರಕಾರಿಯ ಮೇಲೂ ಅದನ್ನು ಕೊತ್ತಂಬರಿಯಂತೆ ಉದುರಿಸುತ್ತಾರೆ.

ಏನು ಹಾಕಲಿ?

ಹಮೋನಿಗೆ ಇನ್ನೊಂದು ನೆನಪೂ ಅಂಟಿದೆ, ಹಸಿವಿನದು. ಅಂತರ್ಯುದ್ಧ ಮುಗಿದ 1939ರಿಂದ 1952ರವರೆಗೆ ಸ್ಪೇನಿನಲ್ಲಿ ರೇಷನ್ ಕಾರ್ಡಿನ ಬದುಕಿತ್ತು. ಆ ತಲೆಮಾರಿಗೆ ಸೂರಿನಿಂದ ತೂಗುವ ತೊಡೆ ಸಿರಿತನದ ಕನಸು. ಇಂದಿಗೂ ಕ್ರಿಸ್‌ಮಸ್ ಉಡುಗೊರೆಯೆಂದರೆ ಇಡೀ ಹಮೋನ್ ಎಂಬ ರೂಢಿ ಉಳಿದಿದೆ. ಪ್ರೀತಿ, ಕಾಮ, ವರ್ಗಭೇದಗಳ ಕತೆಯೊಂದಕ್ಕೆ 1992ರಲ್ಲಿ ನಿರ್ದೇಶಕ ಬೀಗಾಸ್ ಲೂನಾ ‘ಹಮೋನ್ ಹಮೋನ್’ ಎಂದು ಹೆಸರಿಟ್ಟಾಗ ಯಾರೂ ಅರ್ಥ ಕೇಳಲಿಲ್ಲ.

ಬಾರಿನ ನಡವಳಿಕೆಗಳು ಬದಲಾಗುತ್ತಿವೆ. ಕೈಯೊರೆಸಿದ ಕಾಗದವನ್ನು ನೆಲಕ್ಕೆಸೆಯುವ ಹಳೆಯ ಚಾಳಿ ಕಡಿಮೆಯಾಗಿದೆ. 2011ರ ಜನವರಿಯಿಂದ ಒಳಗೆ ಸಿಗರೇಟು ಸೇದುವಂತಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ದೇಶದ ಬಾರುಗಳೆಲ್ಲ ಬಾಗಿಲು ಹಾಕಿದವು. ಮತ್ತೆ ತೆರೆದ ಮೇಲೂ ಹಲವು ಕಡೆ ಕಟ್ಟೆಗೆ ಒರಗಿ ನಿಲ್ಲುವುದಕ್ಕೆ ನಿಷೇಧವಿತ್ತು. ದೊಡ್ಡ ನಗರಗಳಲ್ಲಿ ಬಾಡಿಗೆ ಏರಿ, ಪ್ರವಾಸಿಗಳ ಹಾವಳಿ ಹೆಚ್ಚಿ ಬೀದಿಯ ಹಳೆಯ ಬಾರುಗಳು ಅಲಂಕಾರದ ಹೋಟೆಲುಗಳಾಗುತ್ತಿವೆ. ಜನ ಖಾಲಿಯಾಗುತ್ತಿರುವ ಒಳನಾಡಿನ ಹಳ್ಳಿಗಳಲ್ಲಿ ಕಷ್ಟ ಬೇರೆ ಬಗೆಯದು. ಊರಿನ ಕೊನೆಯ ಬಾರು ಮುಚ್ಚಿತೆಂದರೆ ಚಳಿಗಾಲದಲ್ಲಿ ಮುದುಕರು ಒಬ್ಬರ ಮುಖ ಒಬ್ಬರು ನೋಡುವ ಜಾಗವೇ ಇಲ್ಲದಂತಾಗುತ್ತದೆ. ಆದ್ದರಿಂದ ಕೆಲವು ಊರುಗಳ ಆಡಳಿತವೇ ಕಟ್ಟಡ ಕೊಟ್ಟು, ವಾಸಕ್ಕೆ ಮನೆಯನ್ನೂ ಕೊಟ್ಟು, ಬಾರು ನಡೆಸುವವರು ಬೇಕಾಗಿದ್ದಾರೆಂದು ಜಾಹೀರಾತು ನೀಡುತ್ತದೆ. ಶಾಲೆ, ಆಸ್ಪತ್ರೆಗಳಂತೆ ಇದೂ ಊರಿಗೆ ಬೇಕಾದದ್ದೆಂದು ಅವರ ಲೆಕ್ಕ.

ಮೊರಾಕ್ಕೊ ಮೊದಲಾದ ದೇಶಗಳಿಂದ ಬಂದು ನೆಲೆಸಿದ ಲಕ್ಷಾಂತರ ಮುಸ್ಲಿಮರು ಇಂದು ಮತ್ತೆ ಸ್ಪೇನಿನಲ್ಲಿದ್ದಾರೆ. ಸೂರಿನ ತೊಡೆಯನ್ನು ಅವರು ತಿನ್ನುವುದಿಲ್ಲ. ಕಟ್ಟೆಯ ಮೇಲಿನ ಬದನೆ, ಆಲಿವ್, ಕಡಲೆಕಾಳು ಅವರಿಗೆ ಹೊಸದಲ್ಲ. ಹಮೋನ್ ನಮ್ಮ ಗುರುತು ಎಂಬ ಅಭಿಮಾನ ಒಮ್ಮೊಮ್ಮೆ ರಾಜಕೀಯದ ಮಾತಿನಲ್ಲಿ ಹಳೆಯ ಹರಿತವನ್ನು ಪಡೆಯುವುದೂ ಉಂಟು. ಆದರೆ ಬಾರಿನ ದಿನನಿತ್ಯದ ರೀತಿ ಅದಕ್ಕಿಂತ ದೊಡ್ಡದು. ಐನೂರು ವರ್ಷಗಳ ಹಿಂದೆ ಕಟ್ಟೆಯ ಈಚೆ ನಿಂತವನನ್ನು ‘ನೀನು ಏನು ತಿನ್ನುವುದಿಲ್ಲ?’ ಎಂದು ಕೇಳುತ್ತಿದ್ದ ದೇಶವದು. ಈಗ ಕಟ್ಟೆಯ ಆಚೆಯಿಂದ ಬರುವ ಪ್ರಶ್ನೆ ಬಂದವರಿಗೆಲ್ಲ ಒಂದೇ: ‘ಏನು ಹಾಕಲಿ?’